ತಾಮ್ರದ ಪಟ್ಟಿ

"ಕರೆಂಟು ಇಳಿಸೋ ಬಾಕ್ಸು ಎಂಥದು ಮಾರಾಯಾ? ಒಂದು ಸುತ್ತಿಂದಾ, ಎರಡು ಸುತ್ತಿಂದಾ?" ಎಂದು ವೈರ್‌ಮನ್ ಗುತ್ಯಪ್ಪ ಬನ್ನನ್ನು ಚಹಾದಲ್ಲಿ ಅದ್ದುತ್ತಾ ಕೇಳಿದಾಗ ಶೇಷಪ್ಪನಿಗೆ ಅದೊಂದು ದೊಡ್ಡ ಮಾತು ಅನ್ನಿಸಲಿಲ್ಲ. ಜೋಗದ ಬಸ್ ನಿಲ್ಲುವ ಜಾಗದ ಹೋಟೆಲಿನಲ್ಲಿ ಬೆಳಗಿನ ಏಳು ಗಂಟೆಗೆ ಇಂಥ ಮಾತು ಎಷ್ಟು ಬರುತ್ತವೆ, ಎಷ್ಟು ಹೋಗುತ್ತವೆ. ನಿನ್ನೆ ಸಂಜೆ ಇಂಜಿನಿಯರ್ ನಾರಾಯಣಮೂರ್ತಿಯವರ ಮನೆಯ ಕೆಳಗಿನ ಕೋಣೆಯಲ್ಲಿ ತಾನು ಕಟ್ಟಿದ ಹಲಗೆಯ ದಾರಿಯ ಮೇಲೆ ಎರಡು ಪುಟ್ಟ ಕಾರು, ಒಂದು ಕೆಂಪು ಒಂದು ಹಸಿರು, ಜುಂಯ್ ಎಂದು ಓಡಿದ್ದನ್ನು ಅವನು ಹೇಳಿ ಮುಗಿಸಿದ್ದ. ಹೇಳುವಾಗ ಗಂಟಲು ಸ್ವಲ್ಪ ಏರಿತ್ತು ಎಂಬುದೂ ನಿಜ. ನಿಟ್ಟೂರಿನ ಕಡೆಯ ಗೇಣಿ ಒಕ್ಕಲಿನ ಮಗ, ಆಚಾರಿಯಲ್ಲದ ಆಚಾರಿ, ಕಾಲೊನಿಯಲ್ಲಿ ದಿನಗೂಲಿಗೆ ಕಿಟಕಿ ಬಾಗಿಲು ರಿಪೇರಿ ಮಾಡುವವನು, ಸೀಮೆಯಲ್ಲಿ ಯಾರೂ ಮಾಡದ ಕೆಲಸ ಮಾಡಿದ್ದಾನೆ ಅಂದ ಮೇಲೆ ಗಂಟಲು ಏರದೆ ಇರುತ್ತದೆಯೆ? "ಎಷ್ಟು ಸುತ್ತೋ ನಂಗೇನು ಗೊತ್ತಾ? ಶಿವಮೊಗ್ಗದ ಗುಜರಿಯಿಂದ ಸಾಹೇಬ್ರೇ ತಂದಿದ್ದು. ಇನ್ನೂರ ಮೂವತ್ತನ್ನ ಹನ್ನೆರಡು ಮಾಡ್ತದಂತೆ. ಮುಚ್ಚಳ ತೆಗೆದಾಗ ನೋಡ್ದೆ, ಒಂದೇ ಸುರುಳಿ ಇತ್ತಪ್ಪ," ಎಂದ ಶೇಷಪ್ಪ. ಗುತ್ಯಪ್ಪ ಅಗಿಯುವುದನ್ನು ನಿಲ್ಲಿಸಿದ.

"ಒಂದೇ ಸುತ್ತಿಂದಾದ್ರೆ ಕಷ್ಟ ಕಣೋ. ಎರಡು ಸುತ್ತಿಂದು ಅಂದ್ರೆ ಲೈನಿನ ಕರೆಂಟು ಆ ಕಡೇನೇ ನಿಲ್ತದೆ, ಈ ಕಡೆ ಬರೋದು ಬರೀ ಹನ್ನೆರಡು. ಇದು ಹಂಗಲ್ಲ. ಒಂದು ವೈರು ಎರಡೂ ಕಡೆಗೆ ಒಂದೇ. ಆ ವೈರಿಗೆ ಗೋಡೆಯ ಕಪ್ಪು, ಕರೆಂಟಿಲ್ಲದ್ದು, ಸಿಕ್ತೋ, ಸೈ. ಪ್ಲಗ್ಗು ತಿರುವಿ ಹಾಕಿ ಕರೆಂಟಿನ ಕೆಂಪು ಸಿಕ್ತೋ, ನಿನ್ನ ಪಟ್ಟಿ ತುಂಬ ಇನ್ನೂರ ಮೂವತ್ತು."

"ಹಂಗಾದ್ರೆ ಕಾರು ಸುಟ್ಟೋಗ್ತಿರಲಿಲ್ವನಾ? ನಿನ್ನೆ ಚಂದ ಓಡ್ತಲ್ಲ."

"ಕಾರಿಗೆ ಎಂಥ ಗೊತ್ತಾಗ್ತದೆ? ಪಟ್ಟಿಗೂ ಪಟ್ಟಿಗೂ ನಡುವೆ ಹನ್ನೆರಡೇ ಇರ್ತದೆ. ಕಾರು ಓಡ್ತದೆ. ರಬ್ಬರು ಚಪ್ಪಲಿ ಹಾಕ್ಕೊಂಡು ನೀನು ಮುಟ್ಟಿದ್ರೂ ಎಂಥ ಆಗಲ್ಲ. ಒದ್ದೆ ಕಾಲಲ್ಲಿ, ಬರೀ ನೆಲದ ಮೇಲೆ ನಿಂತು ಮುಟ್ಟಿದ್ರೆ ಮಾತ್ರ..." ಎಂದು ಗುತ್ಯಪ್ಪ ಎರಡು ಕೈಯನ್ನೂ ಮೇಲಕ್ಕೆತ್ತಿ ತೋರಿಸಿ ನಕ್ಕ. "ಯಾವ ಕಡೆ ಮೇಲೆ ಬರ್ಬೇಕು ಅಂತ ಪ್ಲಗ್ಗಿಗೆ ಗುರುತು ಮಾಡಿದೀಯಲ್ಲ? ಮತ್ತೆ ಎಂಥಕ್ಕೆ ಹೆದರ್ತಿ, ಕುಡಿ ಚಾ."

ಗುರುತು. ಶೇಷಪ್ಪ ಹೂಂ ಅಂದನೋ ಉಹೂಂ ಅಂದನೋ, ಅವನಿಗೇ ಕೇಳಿಸಲಿಲ್ಲ. ಲೋಟದಲ್ಲಿ ಅರ್ಧ ಚಹಾ ಬಿಟ್ಟು ಎದ್ದ. ಒದ್ದೆ ಕಾಲು ಎಂದ ಕೂಡಲೆ ಅವನ ಕಣ್ಣಿಗೆ ಬಂದದ್ದು ಬೇರೆ ಯಾರೂ ಅಲ್ಲ, ಸಾಹೇಬರ ತಾಯಿ ವರದಮ್ಮ. ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ತಲೆಗೆ ನೀರು ಹೊಯ್ದುಕೊಂಡು, ಒದ್ದೆ ಸೀರೆಯನ್ನೇ ಸುತ್ತಿಕೊಂಡು, ಕೈಯಲ್ಲಿ ತಾಮ್ರದ ಚೊಂಬು ಹಿಡಿದು ಆ ಮೆಟ್ಟಿಲು ಇಳಿದು ಬರುವ ಅವರ ಬಿಳಿಚಿದ, ನೆನೆದ, ಬರಿಯ ಪಾದಗಳು. ನಲವತ್ತು ದಿನ ಶೇಷಪ್ಪ ಆ ಪಾದಗಳನ್ನೇ ನೋಡಿದ್ದು. ಮುಖವನ್ನು ಅಷ್ಟಾಗಿ ನೋಡಿರಲಿಲ್ಲ.

ಏರು ಹತ್ತುತ್ತಾ ಅವನು ತನಗೆ ತಾನೇ ಸಮಾಧಾನ ಹೇಳಿಕೊಂಡ. ಪ್ಲಗ್ಗಿಗೆ ಎರಡೇ ಕಾಲು, ಹೇಗೆ ಬೇಕಾದರೂ ಗೋಡೆಗೆ ಹೋಗುತ್ತದೆ, ಸರಿಯಾಗಿ ಹೋಗಿದ್ದರೂ ಹೋಗಿರಬಹುದಲ್ಲ. ಕವಡೆ ಬಿಟ್ಟ ಹಾಗೆ. ಬೋರಲು ಬೀಳುವುದು ಎಷ್ಟು ಸಲವೋ ಅಂಗಾತ ಬೀಳುವುದೂ ಅಷ್ಟೇ ಸಲ. ಆದರೆ ಇಂಥ ಸಮಾಧಾನದಲ್ಲಿ ಸತ್ವ ಎಲ್ಲಿಂದ ಬರಬೇಕು! ತಾಳಗುಪ್ಪದ ದಾರಿಯಲ್ಲಿ ಒಂದು ಸಲ ಗಾಳಿಗೆ ಹರಿದ ತಂತಿ ಗದ್ದೆಗೆ ಬಿದ್ದು, ಅದನ್ನು ಮೂಸಿದ ಕೆಂದನೆಯ ಹಸುವೊಂದನ್ನು ಅವನು ನೋಡಿದ್ದ. ಕೂಗಲಿಲ್ಲ, ಒದ್ದಾಡಲಿಲ್ಲ. ಏನೋ ನೆನಪಾದ ಹಾಗೆ ಒಂದು ಗಳಿಗೆ ನಿಂತು, ಮುಂಗಾಲು ಮಡಚಿ ಕೂತುಬಿಟ್ಟಿತು. ಜನ ಹತ್ತಿರ ಹೋಗದೆ ದೂರದಲ್ಲೇ ನಿಂತಿದ್ದರು, ಅವನೂ ನಿಂತಿದ್ದ. ಹಸುವಿನ ಕಣ್ಣು ತೆರೆದೇ ಇತ್ತು. ಆ ಮೇಲೆ ಎಷ್ಟೋ ದಿನ ಅವನು ಸ್ವಿಚ್ಚನ್ನು ಉಗುರಿನ ತುದಿಯಿಂದ ಒತ್ತುತ್ತಿದ್ದ. ಈಗ ಆ ಹಸುವಿನ ಮಡಚಿದ ಕಾಲಿನ ಜಾಗದಲ್ಲಿ ನೆನೆದ ಪಾದಗಳು ಕಾಣುತ್ತವೆ, ಬೇಡ ಬೇಡ ಎಂದರೂ ಕಾಣುತ್ತವೆ. ಗಂಟೆ ಎಷ್ಟಾಯಿತೋ. ಏಳೂವರೆ ದಾಟಿರಬೇಕು.

ಕೋಣೆ ಅನ್ನುವುದಕ್ಕಿಂತ ಅದು ಮನೆಯ ಅಡಿ. ಇಳಿಜಾರಿನಲ್ಲಿ ಕಟ್ಟಿದ ಕ್ವಾರ್ಟರ್ಸಿನ ಕೆಳಗೆ ಕಲ್ಲು ಹಾಸಿದ, ಒಂದೇ ಕಿಟಕಿಯ, ಎಂದೂ ಪೂರ್ತಿ ಒಣಗದ ಜಾಗ. ಮನೆಯ ಒಳಗಿನಿಂದ ಒಂದು ಮೆಟ್ಟಿಲು, ಹೊರಗಿನ ಇಳಿಜಾರಿನಿಂದ ಒಂದು ಬಾಗಿಲು. ವರದಮ್ಮನ ಉಪ್ಪಿನಕಾಯಿ ಭರಣಿಗಳು ಅಲ್ಲಿ ಸಾಲಾಗಿ ಕೂತಿದ್ದವು. ಸಾಹೇಬರು ಇಂಗ್ಲೆಂಡಿಗೆ ಟ್ರೈನಿಂಗಿಗೆ ಹೋಗಿ ಬಂದವರು ಪೆಟ್ಟಿಗೆಯಲ್ಲಿ ಸೂಟಿನ ನಡುವೆ ಎರಡು ಆಟದ ಕಾರು ತಂದಿದ್ದರು. ಅಲ್ಲಿ ದೊಡ್ಡ ದೊಡ್ಡ ಗಂಡಸರೇ ಮನೆಯಡಿಯಲ್ಲಿ ಹಲಗೆ ಕಟ್ಟಿ ಆಡುತ್ತಾರಂತೆ. ಟರ್ಬೈನಿನ ಇಂಜಿನಿಯರು, ಮೂವತ್ತೈದು ದಾಟಿದವರು, ಕಲ್ಲು ನೆಲದ ಮೇಲೆ ಮಂಡಿಯೂರಿ ಸೀಮೆಸುಣ್ಣದಲ್ಲಿ ಇಂಗ್ಲಿಷಿನ ಎಂಟು ಬರೆದು, "ಹೀಗೆ ಬರಬೇಕು ಶೇಷಪ್ಪ. ಇಲ್ಲಿ ಒಂದರ ಮೇಲೆ ಒಂದು ಹಾದು ಹೋಗಬೇಕು. ನಡುವೆ ಸ್ಲಾಟ್," ಅಂದಿದ್ದರು. ಶೇಷಪ್ಪ ಅದನ್ನು ಕಾಲುವೆ ಎಂದ. ಆ ಮೇಲೆ ಸಾಹೇಬರೂ ಕಾಲುವೆ ಎಂದೇ ಕರೆಯತೊಡಗಿದರು. ಭರಣಿಗಳು ಮೆಟ್ಟಿಲಿನ ಕೆಳಗಿನ ಸಂದಿಗೆ ಹೋದವು. ಹಲಸಿನ ಹಲಗೆ ಬಂದವು. ಹಲಗೆಯನ್ನು ಬಗ್ಗಿಸಲು ಅಡಿಯಲ್ಲಿ ಬೆರಳಗಲಕ್ಕೊಂದು ಗರಗಸದ ಗೀರು ಹಾಕಿ, ಬಿಸಿ ನೀರು ಹೊಯ್ದು, ಬಳ್ಳಿಯಲ್ಲಿ ಕಟ್ಟಿ ಎರಡು ರಾತ್ರಿ ಬಿಟ್ಟಾಗ ಅದು ಒಡೆಯದೆ ಬಾಗಿ ಬಂದದ್ದನ್ನು ನೋಡಿ ಶೇಷಪ್ಪನಿಗೆ ಒಬ್ಬನೇ ಕೂತು ಕುಣಿಯುವಷ್ಟು ಸಂತೋಷವಾಗಿತ್ತು. ಸಣ್ಣ ಉಳಿಯಲ್ಲಿ ಕಾಲುವೆ ತೆಗೆಯುತ್ತಾ ಹೋದ. ಕಾರಿನ ಹೊಟ್ಟೆಯ ಕೆಳಗಿನ ಮೊಳೆ ಆ ಕಾಲುವೆಯಲ್ಲಿ ಸಿಕ್ಕಿಕೊಂಡೇ ಓಡಬೇಕು, ಅದರ ಆಚೆ ಈಚೆ ಎರಡು ತಾಮ್ರದ ಪಟ್ಟಿ, ಪಟ್ಟಿಯಿಂದ ಕಾರಿಗೆ ಕರೆಂಟು. ಎಷ್ಟು ಸಲೀಸು. ಅಷ್ಟು ದಿನವೂ ಅವನು ಊಟ ತಿಂಡಿ ಮರೆತಿದ್ದ. ಮರೆಯಲಾಗದೆ ಇದ್ದದ್ದು ನೀರೊಂದೇ.

ಮೊದಲ ದಿನ ಸಂಜೆ ಅವನು ಹತ್ಯಾರಗಳನ್ನು ಚೀಲಕ್ಕೆ ತುಂಬಿ ಹೊರಬಾಗಿಲು ದಾಟಿದನೋ ಇಲ್ಲವೋ, ಹಿಂದೆ ಚಿಲ್ ಎಂದು ಸದ್ದು. ತಿರುಗಿ ನೋಡಿದರೆ ವರದಮ್ಮ ಚೊಂಬಿನಿಂದ ಅಂಗೈಗೆ ನೀರು ತೆಗೆದು ಅವನು ಕೂತಿದ್ದ ಕಲ್ಲಿಗೆ, ಅವನು ಮುಟ್ಟಿದ ಹಲಗೆಗೆ, ಅವನು ಒರಗಿದ್ದ ಕಂಬಕ್ಕೆ ಚಿಮುಕಿಸುತ್ತಿದ್ದರು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಆಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ. ದೀಪ ಹಚ್ಚುವ ಹಾಗೆ, ಬಾಗಿಲು ಹಾಕುವ ಹಾಗೆ, ದಿನನಿತ್ಯದ ಒಂದು ಕೆಲಸ, ಸಂಜೆ ಅವನು ಹೋದ ಮೇಲೊಮ್ಮೆ, ಬೆಳಿಗ್ಗೆ ಮಿಂದು ಬಂದು ಅವನು ಹೊರಬಾಗಿಲಲ್ಲಿ ಕಾಯುವಾಗ ಇನ್ನೊಮ್ಮೆ. "ಹೊಟ್ಟೆಗೆ ಎಂಥಾದ್ರೂ ತಗಂಡ್ಯನಾ ಶೇಷಪ್ಪ? ಜಗುಲಿ ಮೇಲೆ ಅವಲಕ್ಕಿ ಇಟ್ಟಿದೀನಿ ನೋಡು," ಎಂದು ನೀರು ಚಿಮುಕಿಸುತ್ತಲೇ ಕೇಳಿದ್ದರು. ಅವಲಕ್ಕಿ ಬಾಳೆಲೆಯ ಚೂರಿನ ಮೇಲಿತ್ತು, ತುಂಬ ಕಾಯಿ ಹಾಕಿದ್ದರು. ಅವನು ತಿಂದ. ಎಲ್ಲಾ ಮನೆಯಲ್ಲೂ ಇದ್ದದ್ದೇ ಅಲ್ಲವೆ, ಹೊಸತೇನು ಎಂದುಕೊಂಡ. ಆದರೂ ದಿನ ದಿನಕ್ಕೆ ಕಿವಿ ಆ ಚಿಲ್ ಎನ್ನುವ ಸದ್ದಿಗೆ ಕಾಯತೊಡಗಿತು. ಸದ್ದು ಕೇಳಿಸದೆ ಇರಲಿ ಎಂದು ಬೇಗ ಬೇಗ ಇಳಿಜಾರು ಇಳಿದು ಹೋಗಿ, ಆಮೇಲೆ ದಾರಿಯಲ್ಲಿ ನಿಂತು, ಈಗ ಚಿಮುಕಿಸಿರಬಹುದು ಎಂದು ಎಣಿಸುತ್ತಿದ್ದ. ಇಂಥ ಹುಚ್ಚೂ ಒಂದು ಹುಚ್ಚೆ!

ಇನ್ನು ಮೊನ್ನೆ. ಮೊನ್ನೆಯದನ್ನು ನೆನೆಯಬಾರದು ಎಂದು ಅವನು ಹೆಜ್ಜೆ ಜೋರು ಹಾಕಿದ. ಮೊನ್ನೆ ಪ್ಲಗ್ಗು ಕೂರಿಸುತ್ತಿದ್ದ. ವೈರು ಎರಡೂ ಒಂದೇ ಬಣ್ಣದ್ದು, ಗುಜರಿಯದೇ. ಸಾಹೇಬರು ಮೇಲಿನ ಮೆಟ್ಟಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದರು, ಡ್ಯೂಟಿಗೆ ಹೊತ್ತಾಗಿತ್ತು, ಏನೋ ಹೇಳುತ್ತಿದ್ದರು. ಏನು ಹೇಳಿದರು? ಸಂಜೆ ಬರುತ್ತೇನೆ ಅಂದಿರಬೇಕು. ಬಾಗಿಲು ಹಾಕಿಕೊಂಡು ಹೋಗು ಅಂದಿರಬೇಕು. ಬೂಟಿನ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ. ಅಷ್ಟರಲ್ಲಿ ವರದಮ್ಮ ಬಂದದ್ದು. ಅವನು ಎದ್ದು ಹೋಗುವವರೆಗೂ ಕಾಯಲಿಲ್ಲ ಅವತ್ತು. ಅವಸರವಿತ್ತೋ, ಅವನು ಅಲ್ಲಿ ಇದ್ದಾನೆ ಎಂಬುದೇ ಮರೆತಿತ್ತೋ, ಕೂತವನ ಬೆನ್ನಿನ ಮೇಲೆಯೇ ತಣ್ಣನೆ ನಾಲ್ಕು ಹನಿ ಬಿತ್ತು. ಮೇಲೆ ಸಾಹೇಬರು ನಕ್ಕರು. "ಅಮ್ಮಾ, ಪಾಪ, ಅವಂಗೂ ಸ್ನಾನ ಆತು," ಎಂದರು. ವರದಮ್ಮನೂ ನಕ್ಕರು. ಶೇಷಪ್ಪನೂ ನಕ್ಕ. ಮೂವರೂ ನಕ್ಕರು. ಅದೇ, ಅವನೂ ನಕ್ಕದ್ದು, ಈಗಲೂ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ. ನಗುತ್ತಿದ್ದಾಗಲೇ ಒಳಗೆ ಯಾರೋ ಅಂದರು, ಒಂದು ಸಲ ಚುರುಕ್ ಅನ್ನಲಿ ಈ ಮುದುಕಿಗೆ, ಗೊತ್ತಾಗಲಿ. ಒಳಗೆ ಯಾರೋ ಏನು, ಅವನೇ.

ಚುರುಕ್ ಎಂದಷ್ಟೇ, ಸಾಯಲಿ ಎಂದಲ್ಲ, ದೇವರಾಣೆ. ಹನ್ನೆರಡು ವೋಲ್ಟಿಗೆ ಇರುವೆ ಕೂಡ ಸಾಯುವುದಿಲ್ಲ ಎಂದು ಸಾಹೇಬರೇ ಹೇಳಿದ್ದರು. ಶೇಷಪ್ಪ ಹೀಗೆ ಯಾರಿಗೋ ವಾದ ಹೇಳುತ್ತಾ ಸಾಹೇಬರ ಮನೆಯ ಹಿತ್ತಲಿಗೆ ಬಂದ. ಮುಂಬಾಗಿಲಿಗೆ ಅವನು ಎಂದೂ ಹೋದವನಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ಹೊಗೆ. ಬಚ್ಚಲಿನ ಒಲೆಗೆ ಸೌದೆ ನೂಕುತ್ತಿದ್ದ ವರದಮ್ಮ ಒಣಸೀರೆಯಲ್ಲೇ ಇದ್ದರು, ಇನ್ನೂ ಸ್ನಾನ ಆಗಿಲ್ಲ. ಅವನಿಗೆ ಹೋದ ಜೀವ ಬಂದ ಹಾಗಾಯಿತು.

"ಅಮ್ಮಾ, ಸಾಹೇಬ್ರು ಇದಾರಾ?"

"ಅವ್ನಾ? ಆಗ್ಲೇ ಕೆಳಗೆ ಹೋದ್ನಲ್ಲ."

ಕೆಳಗೆ ಎಂದರೆ ಜೋಗದಲ್ಲಿ ಒಂದೇ ಅರ್ಥ. ಕಣಿವೆಯ ಬುಡದ ಪವರ್ ಹೌಸು. ಕಾಲೊನಿಯಲ್ಲಿ ಗಂಡ ಕೆಳಗೆ ಹೋಗಿದ್ದಾರೆ ಎಂದರೆ ಟ್ರಾಲಿ ಹತ್ತಿ ಹಗ್ಗದ ಮೇಲೆ ಆ ಕಡಿದಾದ ಗುಡ್ಡ ಇಳಿದು ಡ್ಯೂಟಿಗೆ ಹೋಗಿದ್ದಾರೆ, ಎಂಟು ಗಂಟೆ ಹೊತ್ತು ಬರುವುದಿಲ್ಲ ಎಂದು ಹಸುಗೂಸಿಗೂ ಗೊತ್ತು. ಶೇಷಪ್ಪನ ಹೆಗಲಿನ ಭಾರ ಇಳಿಯಿತು. ಸಾಹೇಬರು ಮನೆಯಲ್ಲಿಲ್ಲ ಅಂದ ಮೇಲೆ ಆ ಸ್ವಿಚ್ಚು ಹಾಕುವವರು ಯಾರು? ವರದಮ್ಮ ಅದರ ಹತ್ತಿರವೂ ಸುಳಿಯುವುದಿಲ್ಲ. ಸತ್ತ ತಾಮ್ರಕ್ಕೆ ಎಷ್ಟು ನೀರು ಹೊಯ್ದರೇನು. ಟ್ರಾಲಿಯ ಹತ್ತಿರ ಹೋಗಿ ಸಾಹೇಬರಿಗೆ ಹೇಳಿ ಕಳಿಸಿದರಾಯಿತು, ಗುಟ್ಟಾಗಿ, ಪ್ಲಗ್ಗು ಒಂದು ಸಲ ನೋಡಿ ಅಂತ. ಮಳೆಗಾಲಕ್ಕೆ ಮುಂಚೆ ಪರ್ಮನೆಂಟ್ ಮಾಡಿಸುತ್ತೇನೆ ಎಂದಿದ್ದಾರೆ, ಈಗ ತಪ್ಪಾಗಿದೆ ಎಂದು ಡಂಗುರ ಹೊಡೆಯುವುದು ಎಂಥಕ್ಕೆ. ಇಷ್ಟಕ್ಕೇ ಸುಮ್ಮನಿದ್ದು ಹೊರಟಿದ್ದರೆ ಆಗುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಅವನ ಬಾಯಿ ಸುಮ್ಮನಿರಲಿಲ್ಲ.

"ಅಮ್ಮಾ, ಇವತ್ತೊಂದಿನ ಆ ಕೋಣೇಲಿ ನೀರು ಚಿಮುಕಿಸ್ಬೇಡಿ."

ವರದಮ್ಮ ಸೌದೆಯನ್ನು ಅರ್ಧಕ್ಕೇ ಬಿಟ್ಟು ಎದ್ದು ನಿಂತರು. "ಯಾಕೆ?"

ಯಾಕೆ ಎಂದು ಹೇಳಬೇಕು. ಎಷ್ಟು ಸುಲಭ, ಅಮ್ಮಾ ಕರೆಂಟಿನ ಭಯ ಇದೆ ಎಂದರೆ ಮುಗಿಯಿತು. ಆದರೆ ಯಾಕೆ ಭಯ ಎಂದರೆ ಗುರುತಿಲ್ಲ ಎನ್ನಬೇಕು, ಯಾಕೆ ಗುರುತಿಲ್ಲ ಎಂದರೆ... "ಹಲಗೆ... ಹಲಗೆ ಉಬ್ಬುತ್ತೆ," ಎಂದ.

"ನಲವತ್ತು ದಿನ ಉಬ್ಬದೇ ಇದ್ದಿದ್ದು ಇವತ್ತು ಉಬ್ಬುತ್ತನಾ?" ವರದಮ್ಮನ ದನಿ ಮೊದಲ ಸಲ ಬಿರುಸಾಯಿತು. "ನೋಡು ಶೇಷಪ್ಪ, ನಿಂಗೆ ಬೇಜಾರಾಗ್ತದೆ ಅಂತ ನಂಗೂ ಗೊತ್ತಿದೆ. ಅದಕ್ಕೆ ನೀನು ಒಳಗಿಲ್ದಾಗ್ಲೇ ಮಾಡೋದು. ಆದ್ರೆ ನಮ್ಮ ಮನೇಲಿ ಎಂತ ಮಾಡ್ಬೇಕು ಅನ್ನೋದು ನೀನು ಹೇಳಿಕೊಡ್ಬೇಡ." ಅವರು ಒಳಗೆ ಹೋದರು. ಬಚ್ಚಲಿನಲ್ಲಿ ಹಂಡೆಯ ಮುಚ್ಚಳ ಸದ್ದಾಯಿತು.

ಅವನು ಕೆನ್ನೆಗೆ ಹೊಡೆಸಿಕೊಂಡವನ ಹಾಗೆ ಇಳಿಜಾರು ಇಳಿದ. ಬೇಜಾರಾಗುತ್ತದೆ ಅಂತ ಗೊತ್ತಿದೆಯಂತೆ. ಗೊತ್ತಿತ್ತೇ! ಗೊತ್ತಿದ್ದೂ ಮಾಡುತ್ತಿದ್ದರೆ? ಮೊನ್ನೆ ಬೆನ್ನಿನ ಮೇಲೆ ಬಿದ್ದದ್ದು? ಇವನಿಗೆ ಬೇಜಾರಾಗಬಾರದು ಎಂದು ಕಾದು ಕಾದು, ಅವತ್ತು ಒಂದು ದಿನ ಮರೆತರೆ? ಸಿಟ್ಟು ಯಾರ ಮೇಲೆ ಬರಬೇಕು ಎಂದು ತಿಳಿಯದೆ ಅವನು ರಸ್ತೆಯ ಅಂಚಿನ ಲಂಟಾನದ ಒಂದು ಕುಡಿ ಮುರಿದು ಬಿಸಾಡಿದ. ಮುದುಕಿ ಕೆಟ್ಟವಳಾಗಿದ್ದರೆ ಎಷ್ಟು ಚೆನ್ನಾಗಿತ್ತು. ಬಾಳೆಲೆಯ ಮೇಲೆ ಕಾಯಿ ಹಾಕಿದ ಅವಲಕ್ಕಿ ಇಡದೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು. ಅವನ ತಾಯಿ ಹೂವಮ್ಮ ಸಾಯುವ ಮುಂಚೆ ಆರು ತಿಂಗಳು ಹೀಗೇ, ಊಟ ಆಯ್ತನಾ ಮಗಾ ಎಂದು ಕೇಳಿದ್ದನ್ನೇ ಕೇಳುತ್ತಿದ್ದಳು. ಆಯ್ತು ಆಯ್ತು ಎಂದು ಅವನು ರೇಗುತ್ತಿದ್ದ. ಈಗ ಯಾರ ಮಾತು ಯಾರದೆಂದು ಗೊತ್ತಾಗದಷ್ಟು ತಲೆ ಕಲಸಿತ್ತು. ಹನಿ ಬೆನ್ನಿಗೆ ಬಿದ್ದಾಗ ಸಾಹೇಬರು ನಗುವುದಕ್ಕೆ ಮುಂಚೆ ಏನು ಹೇಳುತ್ತಿದ್ದರು? ಬೂಟಿನ ದಾರ, ಎರಡು ಗಂಟು, ಗುರುತು ಎಂಬ ಮಾತು ಬಂತೇ? ಇಲ್ಲ, ಅದು ಗುತ್ಯಪ್ಪ ಹೇಳಿದ್ದು. ಇವತ್ತು ಬೆಳಿಗ್ಗೆ ಗುತ್ಯಪ್ಪ ಹೇಳಿದ್ದು.

ಟ್ರಾಲಿ ಶೆಡ್ಡಿನ ಮುಂದೆ ಕನ್ನಪ್ಪ ಒಬ್ಬನೇ ಬೀಡಿ ಸೇದುತ್ತಾ ಕೂತಿದ್ದ. ಅವನು ಟ್ರಾಲಿ ಓಡಿಸುವವನು. ಹಗ್ಗ ಬಿಚ್ಚಿ ನೆಲದ ಮೇಲೆ ಎಳೆದು ಹಾಕಿತ್ತು, ಪಕ್ಕದಲ್ಲಿ ಗ್ರೀಸಿನ ಡಬ್ಬ. ಶೇಷಪ್ಪ ಅದನ್ನು ನೋಡಿದ, ನೋಡಿಯೂ ಏನೆಂದು ಹೊಳೆಯಲಿಲ್ಲ. "ಕನ್ನಪ್ಪಣ್ಣ, ನಾರಾಯಣಮೂರ್ತಿ ಸಾಹೇಬ್ರು ಕೆಳಗೆ ಹೋದ್ರಲ್ಲ, ಒಂದು ಮಾತು ಹೇಳಿ ಕಳಿಸ್ಬೇಕಿತ್ತು."

"ಯಾರ್ ಹೇಳಿದ್ದು ನಿಂಗೆ?" ಕನ್ನಪ್ಪ ಬೀಡಿ ಆಚೆ ತೆಗೆದ. "ಇವತ್ತು ಟ್ರಾಲಿನೇ ಇಲ್ಲ. ರಾತ್ರಿಯಿಂದ ಹಗ್ಗ ಬಿಚ್ಚಿದೆ. ರಾತ್ರಿ ಪಾಳಿಯೋರೇ ಕೆಳಗಿದಾರೆ, ಮಧ್ಯಾಹ್ನದ ತಂಕ ಅವ್ರೇ. ನಿಮ್ಮ ಸಾಹೇಬ್ರಿಗೆ ಇವತ್ತು ರಜೆ."

ಮನೆಯಲ್ಲಿ ಕೆಳಗೆ ಎಂದರೆ ಕೆಳಗಿನ ಕೋಣೆ. ಅಯ್ಯೋ ದೇವರೆ, ನಲವತ್ತು ದಿನ ಅವನೇ ಅದನ್ನು ಕೆಳಗೆ ಎಂದು ಕರೆದಿದ್ದ! ಇವತ್ತು ರಜೆ, ಸಾಹೇಬರು ಎದ್ದವರೇ ಮಕ್ಕಳ ಹಾಗೆ ಓಡಿ ಇಳಿದಿದ್ದಾರೆ, ಪ್ಲಗ್ಗು ಹಾಕಿ ಕಾರು ಬಿಡುತ್ತಿದ್ದಾರೆ. ಮುದುಕಿಗೆ ನೀರು ಹಾಕಬೇಡ ಎಂದು ಹೇಳಿ ಬಂದದ್ದು ಯಾರು? ಅದನ್ನು ಕೇಳಿದ ಮೇಲೆ ಅವರು ಇವತ್ತು ಮೊದಲು ಮಾಡುವುದು ಯಾವ ಕೆಲಸ? ಕನ್ನಪ್ಪ ಹಿಂದಿನಿಂದ ಏನೋ ಕೂಗಿದ. ಶೇಷಪ್ಪ ಓಡುತ್ತಿದ್ದ.

ಅಷ್ಟು ಉದ್ದ ಆ ಏರು ಯಾವತ್ತೂ ಇರಲಿಲ್ಲ. ನಲವತ್ತೆರಡು ವರ್ಷದ ಕಾಲು, ಉಳಿ ಹಿಡಿದು ಕೂತು ಕೂತು ಮರಗಟ್ಟಿದ ಮಂಡಿ. ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು, ಬಿಟ್ಟು ಓಡಿದ. ಈಗ ಹಂಡೆಯ ನೀರು ಕಾದಿರಬೇಕು. ಈಗ ತಲೆಗೆ ಹೊಯ್ದುಕೊಳ್ಳುತ್ತಿರಬೇಕು. ಈಗ ಸೀರೆ ಹಿಂಡುತ್ತಿರಬೇಕು, ಹಿಂಡುವುದೂ ಇಲ್ಲವಲ್ಲ ಅವರು, ಹಾಗೇ ಸುತ್ತಿಕೊಳ್ಳುತ್ತಾರೆ. ಗುತ್ಯಪ್ಪನ ಎತ್ತಿದ ಕೈ, ಹಸುವಿನ ತೆರೆದ ಕಣ್ಣು, ಎಲ್ಲ ಅವನ ಜೊತೆಗೇ ಓಡಿ ಬರುತ್ತಿದ್ದವು. ಸ್ಪಷ್ಟವಾಗಿ, ಯಾರೋ ಕಿವಿಗೆ ಬಾಯಿಟ್ಟು ಹೇಳಿದ ಹಾಗೆ, ಸಾಹೇಬರ ಮಾತೂ ಬಂತು. 'ಶೇಷಪ್ಪ, ಪ್ಲಗ್ಗಿನ ಒಂದು ಕಡೆಗೆ ಗುರುತು ಮಾಡು. ಟೆಸ್ಟರ್ ಇಟ್ಟಿದೀನಿ ನೋಡು. ತಿರುಗಾ ಮುರುಗಾ ಹಾಕ್ಬಾರ್ದು.' ಅವನ ಕಿವಿಯ ಮೇಲೆ ಪೆನ್ಸಿಲಿತ್ತು. ಅವನು ಪೆನ್ಸಿಲನ್ನು ತೆಗೆದಿದ್ದ. ಆಗ ಬೆನ್ನಿನ ಮೇಲೆ ನಾಲ್ಕು ಹನಿ. ನಕ್ಕ. ನಗು ಮುಗಿದ ಮೇಲೆ ಕೈಯಲ್ಲಿದ್ದ ಪೆನ್ಸಿಲನ್ನು ನೋಡಿದ. ಮತ್ತೆ ಕಿವಿಯ ಮೇಲೆ ಇಟ್ಟುಕೊಂಡ. ಅಷ್ಟೇ. ಮರೆತದ್ದಲ್ಲ, ಕೇಳಿಸದೆ ಇದ್ದದ್ದಲ್ಲ. ಒಂದು ಗೀಟು ಎಳೆಯುವ ಕೆಲಸ, ಎಳೆಯಲಿಲ್ಲ. ಅವನು ಓಡುತ್ತಲೇ ಅಮ್ಮಾ ಎಂದು ಕೂಗಿದ. ಉಸಿರಿಲ್ಲದೆ ಕೂಗು ಹೊರಡಲಿಲ್ಲ.

ಕೆಳಗಿನ ಕೋಣೆಯ ಹೊರಬಾಗಿಲು ತೆರೆದಿತ್ತು. ಒಳಗಿನಿಂದ ಜುಂಯ್ ಜುಂಯ್ ಎಂಬ ಸದ್ದು. ಸಾಹೇಬರು ರಬ್ಬರು ಚಪ್ಪಲಿ ಹಾಕಿಕೊಂಡು ಸ್ಟೂಲಿನ ಮೇಲೆ ಕೂತು, ಕೈಯಲ್ಲಿ ಕಾರು ಓಡಿಸುವ ಗುಂಡಿ ಹಿಡಿದು, ಬಾಯಿ ಅರ್ಧ ತೆರೆದು ಹಸಿರು ಕಾರನ್ನೇ ನೋಡುತ್ತಿದ್ದರು. ಅವರ ಬೆನ್ನ ಹಿಂದೆ ಕೊನೆಯ ಮೆಟ್ಟಿಲು ಇಳಿದು ವರದಮ್ಮ ನಿಂತಿದ್ದರು. ಸೀರೆಯಿಂದ ನೀರು ತೊಟ್ಟಿಕ್ಕಿ ಕಲ್ಲಿನ ಮೇಲೆ ಸಣ್ಣ ಮಡು. ಎಡಗೈಯಲ್ಲಿ ಚೊಂಬು. ಬಲಗೈಯನ್ನು ಹಲಗೆಯ ಅಂಚಿಗೆ ಊರಿಕೊಳ್ಳಲು ಬಗ್ಗುತ್ತಿದ್ದರು, ವಯಸ್ಸಾದವರು ಬಗ್ಗುವ ಹಾಗೆ, ನಿಧಾನವಾಗಿ, ಕೈ ಮುಂದೆ ಚಾಚಿ. ಅಂಚಿನಿಂದ ಮೂರು ಬೆರಳು ಆಚೆಗೆ ಪಟ್ಟಿ ಹೊಳೆಯುತ್ತಿತ್ತು. ಶೇಷಪ್ಪ ಹೊಸ್ತಿಲು ದಾಟಿದ್ದು ಅವನಿಗೆ ನೆನಪಿಲ್ಲ. ಚಾಚಿದ ಆ ಕೈಯ ಮಣಿಕಟ್ಟನ್ನು ಹಿಡಿದು ಎಳೆದ. ಎಷ್ಟು ಸಣ್ಣ ಕೈ, ಎಷ್ಟು ತಣ್ಣಗಿತ್ತು. ಚೊಂಬು ಠಣ್ಣೆಂದು ಉರುಳಿತು. ವರದಮ್ಮ ಮೆಟ್ಟಿಲ ಮೇಲೆ ಕುಸಿದು ಕೂತರು.

"ಮುಟ್ಟಿಬಿಟ್ಯಲ್ಲೋ!" ಎಂದು ಅವರು ಕೂಗಿದ್ದು ಕೋಪದಿಂದಲ್ಲ, ಬಿದ್ದ ಮಗು ಅಳುವ ಹಾಗೆ. ಸಾಹೇಬರು ಸ್ಟೂಲು ಬೀಳಿಸಿ ಎದ್ದರು. "ಏ ಶೇಷಪ್ಪ! ತಲೆ ಕೆಟ್ಟಿದ್ಯಾ ನಿಂಗೆ?"

ಶೇಷಪ್ಪ ಗೋಡೆಯ ಪ್ಲಗ್ಗಿಗೆ ಕೈ ತೋರಿಸಿದ. "ಟೆಸ್ಟರ್," ಎಂದ. "ಪಟ್ಟಿಗೆ... ಟೆಸ್ಟರ್ ಇಡಿ ಸಾಹೇಬ್ರೇ. ಅಮ್ಮಾ, ನೀವು ಏಳ್ಬೇಡಿ, ಅಲ್ಲೇ ಇರಿ."

"ಹನ್ನೆರಡು ವೋಲ್ಟ್ ಕಣಯ್ಯಾ," ಎಂದು ಸಾಹೇಬರು ರೇಗಿ, ಕಿಟಕಿಯಲ್ಲಿದ್ದ ಟೆಸ್ಟರನ್ನು ತೆಗೆದು, ಹುಚ್ಚನನ್ನು ಸಮಾಧಾನ ಮಾಡುವವರ ಹಾಗೆ ಪಟ್ಟಿಯ ಮೇಲೆ ಇಟ್ಟರು. ಅದರ ಹಿಡಿಯೊಳಗೆ ಸಣ್ಣ ಕೆಂಪು ದೀಪ ಹತ್ತಿತು. ಸಾಹೇಬರು ಕೈ ತೆಗೆದು ಮತ್ತೆ ಇಟ್ಟರು. ಮತ್ತೆ ಹತ್ತಿತು. ಪಕ್ಕದ ಪಟ್ಟಿಗೆ ಇಟ್ಟರು, ಅಲ್ಲೂ ಹತ್ತಿತು. ಅವರು ಸ್ವಿಚ್ಚು ಆರಿಸಿ, ಪ್ಲಗ್ಗು ಕಿತ್ತು, ತಿರುವಿ ಹಾಕಿ, ಸ್ವಿಚ್ಚು ಒತ್ತಿ ಇಟ್ಟು ನೋಡಿದರು. ಹತ್ತಲಿಲ್ಲ. ಪ್ಲಗ್ಗನ್ನು ಕಿತ್ತು ಕೈಯಲ್ಲೇ ಹಿಡಿದುಕೊಂಡು ತಾಯಿಯ ಪಾದದ ಸುತ್ತ ನಿಂತಿದ್ದ ನೀರನ್ನು ನೋಡಿದರು. ಅವರ ಮುಖ ಸುಣ್ಣದ ಹಾಗಾಗಿತ್ತು.

"ಎಂತ ಆತು ತಮಾ?" ಎಂದರು ವರದಮ್ಮ.

ಸಾಹೇಬರು ಒಂದೊಂದೇ ಮಾತು ಹೆಕ್ಕಿ ಹೇಳಿದರು. ವರದಮ್ಮನಿಗೆ ಕರೆಂಟು ಅರ್ಥವಾಯಿತೋ ಇಲ್ಲವೋ, ಮಗನ ಮುಖ ಅರ್ಥವಾಯಿತು. ಬಾಯಿಗೆ ಸೆರಗು ಹಿಡಿದರು. ಶೇಷಪ್ಪ ಗೋಡೆಗೆ ಒರಗಿ ನಿಂತು ಏದುಸಿರು ಬಿಡುತ್ತಿದ್ದ. ಉಳಿದರು, ಉಳಿದರು ಎಂದುಕೊಂಡ. ಇನ್ನು ಭಯ ಹೋಗಬೇಕು, ಹೋಗಲಿಲ್ಲ. ಏಕೆಂದರೆ ಸಾಹೇಬರು ಅವನ ಹತ್ತಿರ ಬಂದು, ಯಾವತ್ತೂ ಮಾಡದ ಹಾಗೆ, ಅವನ ಭುಜದ ಮೇಲೆ ಕೈ ಇಟ್ಟರು.

"ನನ್ನ ತಪ್ಪು ಶೇಷಪ್ಪ. ಪ್ಲಗ್ಗಿಗೆ ಗುರುತು ಮಾಡು ಅಂತ ಹೇಳ್ಬೇ‌ಕು ಅಂದ್ಕೊಂಡಿದ್ದೆ. ಮೊನ್ನೆ ಗಡಿಬಿಡಿಲಿ ಹೇಳೋದು ಮರ್ತೆ ಕಾಣತ್ತೆ. ನೀನು ಹೆಂಗೆ ಕಂಡುಹಿಡಿದ್ಯೋ, ದೇವರೇ ಕಳಿಸ್ದ ನಿನ್ನ. ನಿನ್ನ ಋಣ..." ಹೆಂಗಸರ ಹಾಗೆ ಅಳುವುದು ಬೇಡವೆಂದು ಆ ಕಡೆ ತಿರುಗಿದರು.

ಹೌದು ಸಾಹೇಬರೇ, ನೀವು ಹೇಳಲಿಲ್ಲ ಎಂದುಬಿಟ್ಟರೆ ಆಯಿತು. ಅದೂ ಬೇಡ, ಸುಮ್ಮನೆ ನಿಂತರೆ ಆಯಿತು. ತೂಗುಮಂಚದಲ್ಲಿ ಕೂರಿಸಿ ತೂಗುತ್ತಾರೆ, ಪರ್ಮನೆಂಟೂ ಆಗುತ್ತದೆ. ಶೇಷಪ್ಪ ಸುಮ್ಮನೆ ನಿಂತ. ವರದಮ್ಮ ಗೋಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಹೋದರು. ಬಚ್ಚಲಿಗೆ ಹೋಗುತ್ತಾರೆ, ಮುಟ್ಟಿದ್ದಕ್ಕೆ ಮತ್ತೆ ತಲೆಗೆ ನೀರು ಹೊಯ್ದುಕೊಳ್ಳುತ್ತಾರೆ ಎಂದು ಅವನ ಕಿವಿ ಕಾದಿತ್ತು. ಹಂಡೆಯ ಸದ್ದು ಬರಲಿಲ್ಲ. ಬಂದದ್ದು ಅವರೇ, ಅದೇ ಒದ್ದೆ ಸೀರೆಯಲ್ಲಿ, ಚಳಿಗೆ ನಡುಗುತ್ತಾ. ಕೈಯಲ್ಲಿ ಮನೆಯವರು ಕುಡಿಯುವ ಬೆಳ್ಳಿ ಲೋಟ, ಅದರ ತುಂಬ ಕಾಫಿ.

"ಅಮ್ಮಾ, ಸ್ನಾನ?" ಎಂದರು ಸಾಹೇಬರು, ಬಾಯಿ ತಪ್ಪಿ.

"ಎಂತಕ್ಕೆ ಸ್ನಾನ? ಜೀವ ಉಳಿಸಿದ ಕೈ ಅದು. ಅದು ಮುಟ್ಟಿದ್ದಕ್ಕೆ ಮೀಯೋದನಾ ನಾನು? ಬೇಡ." ಅವರು ನೇರವಾಗಿ ಶೇಷಪ್ಪನ ಮುಂದೆ ಬಂದು, ಕೆಳಗಿಡದೆ, ಕೈಯಿಂದ ಕೈಗೆ ಕೊಡುವ ಹಾಗೆ ಲೋಟ ಚಾಚಿದರು. "ತಗೋ ಮಗಾ. ಇಷ್ಟು ದಿನ ನಿನ್ನ ಬೆನ್ನ ಹಿಂದೆ ನೀರು ಚಿಮುಕಿಸ್ದೆ. ಮನಸ್ಸಲ್ಲಿ ಇಟ್ಕೋಬೇಡ."

ಅವನು ಮೊದಲ ಸಲ ಅವರ ಮುಖವನ್ನು ನೋಡಿದ. ಸಣ್ಣ ಮುಖ, ನೆರೆತ ಹುಬ್ಬು, ಹುಬ್ಬಿನ ಮೇಲೆ ಇನ್ನೂ ಆರದ ನೀರು. ಕೈ ಮುಂದೆ ಹೋಗಲಿಲ್ಲ. ಅದನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ಸ್ನಾನ ಮಾಡಿ ಅಮ್ಮಾ," ಎಂದ. "ನಿಮ್ಮ ದಮ್ಮಯ್ಯ, ಹೋಗಿ ಸ್ನಾನ ಮಾಡಿ ಬನ್ನಿ."

"ಯಾಕೋ? ಎಂತ ಹೇಳ್ತಿ ನೀನು?"

"ಸಾಹೇಬ್ರು ಮರ್ತಿಲ್ಲ. ಗುರುತು ಮಾಡು ಅಂತ ಹೇಳಿದ್ರು," ಎಂದ ಶೇಷಪ್ಪ. "ನಂಗೆ ಕೇಳ್ಸಿತ್ತು."